ಈರಣ್ಣನ ದ್ವೀಪದ ಶರಬತ್ತು

ಮಚ್ಛೆಯ ಎರಕದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಈರಣ್ಣನಿಗೆ ತನ್ನ ಮೂಗಿನ ಬಗ್ಗೆ ಅಪಾರ ಗೌರವವಿತ್ತು. ನೋಡಲು ಅದು ಅವನಿದ್ದ ಬೆಳಗಾವಿಯ ಖಾಸಬಾಗದ ಉಳಿದ ಮೂಗುಗಳ ಹಾಗೆಯೇ ಇತ್ತು. ಆದರೆ ಒಂದು ಮಳೆಗಾಲ ಕಾರ್ಖಾನೆಯ ಗೋದಾಮು ಸೋರಿ ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ತೊಳೆದುಹೋದಾಗ, ಯಾವುದು ಸೀಮೆಎಣ್ಣೆ, ಯಾವುದು ಟರ್ಪೆಂಟೈನ್ ಎಂದು ಈರಣ್ಣ ಬರೀ ಮೂಸಿ ಹೇಳಿಬಿಟ್ಟಿದ್ದ. ಅಷ್ಟನ್ನು ಖಾಸಬಾಗದ ಯಾವ ಎಮ್ಮೆಯಾದರೂ ಹೇಳಬಹುದಿತ್ತು. ಎಮ್ಮೆಯನ್ನು ಯಾರೂ ಕೇಳಲಿಲ್ಲ, ಈರಣ್ಣನನ್ನು ಕೇಳಿದರು, ಮ್ಯಾನೇಜರು ಬೆನ್ನು ತಟ್ಟಿದರು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಅವನ ಮೂಗು ಒಳಗೆ ಹೋಗುತ್ತಿತ್ತು, ಹಿಂದಿನಿಂದ ಈರಣ್ಣ ಹೋಗುತ್ತಿದ್ದ.

ಇದರಿಂದ ಹೆಚ್ಚು ನಷ್ಟವಾದದ್ದು ಅವನ ಎರಡನೆಯ ಮಗಳು ಕಾಂತಾಗೆ. ದೊಡ್ಡವಳ ಮದುವೆ ಮೂಗಿಗೆ ಹೆಸರು ಬರುವ ಮೊದಲೇ ಮುಗಿದು, ಅವಳು ಗೋಕಾಕದಲ್ಲಿ ಸುಖವಾಗಿದ್ದಳು. ಕಾಂತಾಗೆ ಮೊದಲ ಸಂಬಂಧ ಬಂದಾಗ, ವರ ಬೀಡಿ ಸೇದಿ ಮೇಲೆ ಏಲಕ್ಕಿ ಅಗಿದು ಬಂದಿದ್ದಾನೆಂದು ಈರಣ್ಣ ಅವನ ತಂದೆಯ ಎದುರಿಗೇ ಹೇಳಿದ. ಎರಡನೆಯ ಸಲ, ವರನ ಸೋದರತ್ತೆ ಉಟ್ಟುಬಂದ ರೇಷ್ಮೆ ಸೀರೆಗೆ ಬೇರೆಯವರ ಟ್ರಂಕಿನ ನುಸಿಗುಳಿಗೆಯ ವಾಸನೆ ಇದೆ ಎಂದ. ಎರಡೂ ಮಾತು ಖರೆ ಇದ್ದವು, ಆದ್ದರಿಂದಲೇ ಎರಡೂ ಸಂಬಂಧ ಮುರಿದವು. ಮೂರನೆಯದು ತಾನಾಗಿಯೇ ಮುರಿಯಿತು. ಅದಕ್ಕೆ ಈರಣ್ಣ ಹೊಣೆಯಲ್ಲ.

ಹೀಗಿರುವಾಗ ಎಪ್ಪತ್ತಾರನೆಯ ಇಸವಿಯ ಚಳಿಗಾಲಕ್ಕೆ ಖಾನಾಪುರದಿಂದ ಒಂದು ಸಂಬಂಧ ಬಂತು. ಗುರುಸಿದ್ದಪ್ಪನೆಂಬ ಹಂಚಿನ ವ್ಯಾಪಾರಿ, ಅವನ ಮಗ ಅಡಿವೆಪ್ಪ ಅಲ್ಲಿಯೇ ಕನ್ನಡ ಸಾಲಿಯ ಮಾಸ್ತರ. ತಾಯಿಯಿಲ್ಲದ ಹುಡುಗ. ಕನ್ಯೆ ನೋಡಲು ಬಂದವನು ಅವಲಕ್ಕಿ ತಿಂದು, ತನ್ನ ಮನೆಯ ರೂಢಿಯಂತೆ ತಾಟನ್ನು ತಾನೇ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಒಯ್ದು ಕಾಂತಾಳ ಕೈಗೆ ಕೊಟ್ಟ. "ಉಪ್ಪ ಸರಿ ಇತ್ರಿ" ಎಂದ. ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಕಾಂತಾಗೆ ಅಷ್ಟು ಸಾಕಾಯಿತು. ಹುಡುಗ ಅವಳ ಮನಸ್ಸಿನಲ್ಲಿ ಕೂತುಬಿಟ್ಟ.

ಎಲ್ಲ ಕೂಡಿಬಂದಿತ್ತು. ಗುರುಸಿದ್ದಪ್ಪ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಕನ್ಯೆ ನೋಡಿ ನೋಡಿ ಎಲ್ಲರ ಮನೆಯ ಅದೇ ಚಹಾ, ಅದೇ ಲಿಂಬಿ ಶರಬತ್ತು ಕುಡಿದು ನಾಲಿಗೆ ದಣಿದಿದೆ ಎಂದು ಸುಮ್ಮನೆ ಒಂದು ಮಾತು ಆಡಿದ. ಆ ಮನುಷ್ಯನಿಗೆ ಇದರಲ್ಲಿ ಯಾವ ಒಳ ಅರ್ಥವೂ ಇರಲಿಲ್ಲ. ಈರಣ್ಣ ಮಾತ್ರ ಎದೆ ಮುಂದೆ ಮಾಡಿ ನಿಂತ.

"ಸಕ್ಕರಿ ಹಂಚಿ ಮದವಿ ಗಟ್ಟಿ ಮಾಡೂ ದಿನಾ ಬರ್ರಿ ಬೀಗರ," ಎಂದ. "ಬೆಳಗಾಂವ್ಯಾಗ ಈತನಕಾ ಯಾರೂ ಕುಡಿದಿರಬಾರದು, ಅಂಥಾದ್ದು ಕುಡಸ್ತೀನಿ."

ಬೀಗರು ಹೋದ ಮೇಲೆ ಕಾಂತಾ ತಂದೆಯ ಮುಂದೆ ಬಂದು ನಿಂತಳು. ಅವಳು ಹೆಚ್ಚು ಮಾತಿನ ಹುಡುಗಿಯಲ್ಲ.

"ಅಪ್ಪಾ, ಈ ಸರ್ತಿ ಏನೂ ಹೊಸಾದು ಮಾಡಬ್ಯಾಡ. ನಿನ್ನ ಕಾಲಿಗೆ ಬೀಳತೀನಿ."

ಮಗಳ ಕಣ್ಣಲ್ಲಿ ನೀರಿತ್ತು.  ಈರಣ್ಣ ಏನೂ ಮಾಡುವುದಿಲ್ಲ ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ, ಮರುದಿನ ಕಾರ್ಖಾನೆಗೆ ಹೋದ.

ಕಾರ್ಖಾನೆಯಲ್ಲಿ ಅವನ ಜೊತೆ ಕೆಲಸ ಮಾಡುವ ಅನಗೋಳದ ಬಾಳಾಸಾಹೇಬ ಕಾಯುತ್ತಿದ್ದ. ಅವನ ತಮ್ಮ ಮಿಲಿಟರಿಯಲ್ಲಿದ್ದು, ಅಂದಮಾನ ದ್ವೀಪದಿಂದ ರಜೆಗೆ ಬಂದವನು ಒಂದು ಅರಿವೆಯ ಚೀಲ ತಂದಿದ್ದ. ಅಲ್ಲಿಯ ಜನ ಇವನ್ನೆಲ್ಲ ಕುದಿಸಿ ಕುಡಿಯುತ್ತಾರೆ, ಹೆಸರು ಮಾತ್ರ ಗೊತ್ತಿಲ್ಲ ಎಂದಿದ್ದ. ಬಾಳಾಸಾಹೇಬ ಅದನ್ನು ಮನೆಯ ಹೆಂಗಸರಿಗೆ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಈರಣ್ಣನ ಮೂಗಿದ್ದಾಗ ಹೆಂಗಸರನ್ನೇಕೆ ಕೇಳಬೇಕೆಂದು ನೇರ ಮಚ್ಛೆಗೆ ತಂದ.

ಊಟದ ಬಿಡುವಿನಲ್ಲಿ ಈರಣ್ಣನ ಕಣ್ಣಿಗೆ ಕರವಸ್ತ್ರ ಕಟ್ಟಿದರು. ಕೆಲಸಗಾರರು ರೊಟ್ಟಿ ಕೈಯಲ್ಲಿ ಹಿಡಿದು ಸುತ್ತ ನಿಂತರು. ಮೊದಲು ದಪ್ಪ ತೊಗಟೆಯೊಂದನ್ನು ಮೂಗಿಗೆ ಹಿಡಿದಾಗ ಅವನು, ಇದು ಸಮುದ್ರದ ಗಂಧದ ಗಿಡದ್ದು ಎಂದ. ಒಣಗಿದ ಕೆಂಪು ದಳದಂಥದ್ದಕ್ಕೆ, ಕೇಸರಿಯ ಕಾಡುಜಾತಿ ಎಂದ. ಕರಟದೊಳಗೆ ಗಡಗಡ ಅಲುಗುವ ಕಾಯಿಗೆ ದ್ವೀಪದ ಅಡಿಕೆ ಎಂದು ಹೆಸರಿಟ್ಟ. ಬೆರಳಿನ ತುದಿಯಷ್ಟು ಉದ್ದದ, ಖಾರ ವಾಸನೆಯ ಕಡ್ಡಿಯಂಥದ್ದಕ್ಕೆ ಕಡಲಮೆಣಸು ಎಂದ. ಕೊನೆಗೆ ಕೈಗೆ ಬಂದದ್ದನ್ನು ಮೂಸುವ ಮೊದಲೇ ಬೆರಳಲ್ಲಿ ಮುಟ್ಟಿ, ಇದು ಅರ್ಧ ಇಂಚಿನ ಮೊಳೆ, ನಮ್ಮ ಸ್ಟೋರಿನದೇ, ಚೇಷ್ಟೆ ಮಾಡಬ್ಯಾಡ್ರಿ ಎಂದ. ಅದು ಲವಂಗವಾಗಿತ್ತು. ಲವಂಗವೊಂದನ್ನು ಎಲ್ಲರೂ ಬಲ್ಲರಾದ್ದರಿಂದ ಅದೊಂದು ತಪ್ಪು ಹೊರಗೆ ಬಂತು. ಉಳಿದವನ್ನು ಯಾರೂ ಅರಿಯರಾದ್ದರಿಂದ ಅವೆಲ್ಲ ಸರಿಯಾದವು. ಸಂಜೆ ಚೀಲ ಈರಣ್ಣನ ಸೈಕಲ್ಲಿಗೆ ನೇತುಬಿದ್ದು ಖಾಸಬಾಗಕ್ಕೆ ಬಂತು.

ಆ ವಾರ ಈರಣ್ಣನ ಹೆಂಡತಿ ಚಂದ್ರವ್ವ ಭಾರಿ ನೆಗಡಿಯಾಗಿ ಮಲಗಿದ್ದಳು. ತಲೆಗೆ ಬಿಗಿಯಾಗಿ ಅರಿವೆ ಕಟ್ಟಿ, ಕಿವಿಗೆ ಅರಳೆ ಇಟ್ಟು, ಶೇಗಡಿಯ ಕೆಂಡದ ಬಾಜೂ ಕಂಬಳಿ ಹೊದ್ದು ಒಳಕೋಣೆಯಲ್ಲಿ ಬಿದ್ದುಕೊಂಡಿದ್ದಳು. ಮೂಗು ಪೂರ್ತಿ ಕಟ್ಟಿಹೋಗಿತ್ತು. ಮನೆಗೆ ಬೆಂಕಿ ಬಿದ್ದರೂ ಅವಳಿಗೆ ಹೊಗೆಯ ವಾಸನೆ ಬರುವಂತಿರಲಿಲ್ಲ. ಈರಣ್ಣನಿಗೆ ಇದು ಒಳ್ಳೆಯ ಕಾಲವಾಗಿ ಕಂಡಿತು.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಂಡೆ ಏರಿಸಿ, ದ್ವೀಪದ ಸಾಮಾನನ್ನೆಲ್ಲ ಒಂದೊಂದು ಹಿಡಿ ಕುಟ್ಟಿ ಹಾಕಿ ಕುದಿಸಿದ. ಕಹಿಯಾಯಿತು. ಬೆಲ್ಲ ಹಾಕಿದ. ಕಹಿ ಹೋಗಿ ಗಂಟಲು ಉರಿಯತೊಡಗಿತು. ಉರಿ ತಣಿಯಲೆಂದು ತುಪ್ಪ ಹಾಕಿದ. ಇನ್ನೂ ಏನೋ ಕಡಿಮೆ ಅನ್ನಿಸಿ ಅಡುಗೆಮನೆಯ ಅಟ್ಟದ ಮೇಲಿಂದ ಹೆಸರಿಲ್ಲದ ಒಂದು ಹಳೆಯ ಡಬ್ಬಿ ಇಳಿಸಿ, ಮೂಸಿ ನೋಡಿ, ಅದರಲ್ಲಿದ್ದ ಪುಡಿಯನ್ನೂ ಒಂದಿಷ್ಟು ಸುರಿದ. ಈಗ ಕುಡಿಯುವಂತಾಯಿತು. ಪ್ರತಿ ಸಲ ಸೋಸಲು ಮೆತ್ತನೆಯ ಅರಿವೆ ಬೇಕಲ್ಲ, ಹಳೆಯ ಧೋತರವೊಂದನ್ನು ಚೌಕ ಚೌಕ ಹರಿದುಕೊಂಡ. ಸೋಸಿದ ಚೌಕಗಳನ್ನು ಕಾಂತಾ ಹಿಂಡಿ ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಎಷ್ಟು ಹಿಂಡಿದರೂ ಅವುಗಳ ಹಳದಿ ಕಲೆ ಹೋಗುತ್ತಿರಲಿಲ್ಲ.

ಹಿಂಡುತ್ತ ಕಾಂತಾ ಒಮ್ಮೆ ಹೇಳಿದಳು: "ಅಪ್ಪಾ, ಅಕ್ಕ ಹಡದಾಗ ಮನ್ಯಾಗ ಹಿಂಗ ವಾಸನಿ ಬರತಿತ್ತು."

ಸಮುದ್ರವನ್ನೇ ಕಾಣದ ಮೂಗು ಹೀಗೆ ಮಾತಾಡುವುದು ಸಹಜ ಎಂದು ಈರಣ್ಣ ಮಗಳನ್ನು ಕ್ಷಮಿಸಿದ.

ಬಾಜೂ ಮನೆಯ ನಿಂಗವ್ವನ ಮೂಗು ಕೂಡ ಸಮುದ್ರ ಕಂಡದ್ದಲ್ಲ. ಆದರೆ ಆ ಓಣಿಯ ಅರ್ಧ ಮಕ್ಕಳಿಗೆ ಎರೆದು ತೊಟ್ಟಿಲಿಗೆ ಹಾಕಿದ ಹೆಂಗಸು ಅವಳು. ಮೊದಲ ದಿನ ಗೋಡೆಯಾಚೆಯಿಂದ ಆ ವಾಸನೆ ಬಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ವಾಸನೆಗೆ ಖಾಸಬಾಗದಲ್ಲಿ ಒಂದೇ ಅರ್ಥ. ಬಾಣಂತಿಗೆ ಕಷಾಯ ಕುದಿಯುತ್ತಿದೆ, ಅಂದಮೇಲೆ ಮನೆಯಲ್ಲಿ ಬಾಣಂತಿ ಇದ್ದಾಳೆ. ಗೋಡೆಯ ಮೇಲಿಂದ ಇಣುಕಿದರೆ ಹಗ್ಗದ ತುಂಬ ಚೌಕ ಅರಿವೆಗಳು, ಹಳದಿ ಕಲೆ ಬೇರೆ. ಕಿಟಕಿಯಲ್ಲಿ ನೋಡಿದರೆ ತಲೆ ಕಟ್ಟಿಕೊಂಡು ಶೇಗಡಿಯ ಬಾಜೂ ಮಲಗಿದ ಚಂದ್ರವ್ವ. ಇನ್ನು ಹುಡುಕುವುದು ಏನೂ ಉಳಿದಿರಲಿಲ್ಲ.

ಆದರೂ ನಿಂಗವ್ವ ಸಭ್ಯ ಹೆಂಗಸು. ನೇರವಾಗಿ ಕೇಳದೆ, ಬಾಗಿಲಿಗೆ ಬಂದು ಚಂದ್ರಕ್ಕ ಹೇಗಿದ್ದಾಳೆ ಎಂದಳು. ಈರಣ್ಣ ಎರಡೂ ಕೈ ಬಾಗಿಲಿಗೆ ಅಡ್ಡ ಇಟ್ಟು ನಿಂತ. ಶರಬತ್ತಿನ ಗುಟ್ಟು ಹೊರಗೆ ಹೋಗಬಾರದೆಂದು ಅವನು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

"ಮಲಗ್ಯಾಳ್ರಿ. ಈಗ ಯಾರನ್ನೂ ಒಳಗ ಬಿಡೂದಿಲ್ಲ."

"ಹಿತ್ತಲದಾಗ ಏನೋ ವಾಸನಿ..."

"ಅದನ್ನ ಈಗ ಹೇಳಾಕ ಬರಂಗಿಲ್ರಿ. ಸಕ್ಕರಿ ಹಂಚೂ ದಿನಾ ಎಲ್ಲಾರಿಗೂ ನಾನ ತೋರಸ್ತೀನಿ. ಅಲ್ಲೀತನಕಾ ಬಾಯಿ ಬಿಡಬ್ಯಾಡ್ರಿ."

ನಿಂಗವ್ವ ಬಾಯಿ ಬಿಡಲಿಲ್ಲ. ಅವಳಿಗೆ ಗೊತ್ತಿದ್ದ ಹೆಂಗಸರಿಗೆ ಮಾತ್ರ ಹೇಳಿದಳು, ಅವಳಿಗೆ ಇಡೀ ಓಣಿ ಗೊತ್ತಿತ್ತು. ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ವಿಷಯ ಇತ್ಯರ್ಥವಾಯಿತು. ಎರಡೂ ಹೆಣ್ಣಾದವು, ಗಂಡು ಬೇಕೆಂಬ ಆಸೆ ಯಾರನ್ನು ಬಿಟ್ಟಿದೆ, ಪಾಪ, ಚಂದ್ರವ್ವ ಈ ವಯಸ್ಸಿನಲ್ಲಿ ದಪ್ಪ ಸೀರೆಯುಟ್ಟು ಹೊಟ್ಟೆ ಮುಚ್ಚಿಕೊಂಡು ಓಡಾಡಿದಳಲ್ಲ ಎಂದು ಎಲ್ಲರೂ ಮರುಗಿದರು. ಕೂಸಿನ ದನಿ ಒಮ್ಮೆಯೂ ಕೇಳಿಲ್ಲವಲ್ಲ ಎಂದು ಒಬ್ಬಳು ಅನುಮಾನಪಟ್ಟಳು. ಶಾಂತ ಕೂಸು ಇರಬೇಕು, ತಂದೆಯನ್ನು ಹೋತಿಲ್ಲ ಎಂದು ನಿಂಗವ್ವ ಸಮಾಧಾನ ಹೇಳಿದಳು.

ಆ ವರ್ಷ ಸರಕಾರಕ್ಕೆ ಯಾರ ಮನೆಯಲ್ಲಾದರೂ ಮೂರನೆಯ ಮಗು ಹುಟ್ಟಿದರೆ ನಿದ್ದೆ ಬರುತ್ತಿರಲಿಲ್ಲ. ಊರಿನ ಗೋಡೆಗಳಿಗೆಲ್ಲ ಕೆಂಪು ತ್ರಿಕೋನ ಬರೆಸಿದ್ದರು, ಗಂಡಸರನ್ನು ಮಕ್ಕಳಾಗದ ಆಪರೇಶನ್ನಿಗೆ ಕರೆದೊಯ್ಯಲು ಜೀಪು ಬಿಟ್ಟಿದ್ದರು. ಹೀಗಾಗಿ ಎರಡೇ ದಿನದಲ್ಲಿ ಕುಟುಂಬ ಯೋಜನೆಯ ಸಾತಪ್ಪ ಈರಣ್ಣನ ಬಾಗಿಲಿಗೆ ಬಂದ. ಸಾತಪ್ಪ ಮೊದಲು ದನಗಳಿಗೆ ಲಸಿಕೆ ಹಾಕುವ ಕೆಲಸದಲ್ಲಿದ್ದವನು. ದನಗಳ ಮುಂದೆ ಅವನಿಗೆ ಸಂಕೋಚವಿರಲಿಲ್ಲ. ಮನುಷ್ಯರ ಮುಂದೆ ಆ ಕೆಲಸದ ಹೆಸರು ಎತ್ತಬೇಕಾದರೆ ಮುಖ ಕೆಂಪಾಗಿ, ನೆಲ ನೋಡಿಕೊಂಡು ಮಾತಾಡುತ್ತಿದ್ದ.

"ಸಾಹೇಬ್ರ, ಈ ವಯಸ್ಸಿನ್ಯಾಗೂ ನಿಮ್ಮ ಮನ್ಯಾಗ ಹೊಸದಾಗಿ... ಆಗೈತಿ ಅಂತ ಸುದ್ದಿ ಬಂತು," ಎಂದ.

ಸುದ್ದಿ ಸರಕಾರದವರೆಗೆ ಮುಟ್ಟಿತೇ ಎಂದು ಈರಣ್ಣನಿಗೆ ರೋಮಾಂಚನವಾಯಿತು. ಹೌದೆಂದು ಒಪ್ಪಿಕೊಂಡ.

"ಇದೊಂದಕ್ಕ ಸಾಕು ಮಾಡ್ತೀರೋ, ಇನ್ನೂ ಮುಂದ..."

"ಸಾಕು ಯಾಕ ಮಾಡಲಿ? ಆರ ತಿಂಗಳಿಗೊಮ್ಮೆ ಮಾಡಬೇಕು ಅಂತೀನ್ರಿ."

ಸಾತಪ್ಪ ಮೊದಲ ಸಲ ನೆಲದಿಂದ ಕಣ್ಣೆತ್ತಿ ಈರಣ್ಣನ ಮುಖ ನೋಡಿದ. ಅವನ ನೌಕರಿಯಲ್ಲಿ ಇಂಥ ಮನುಷ್ಯ ಎದುರಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು, ನೀವು ನಮ್ಮ ಕ್ಯಾಂಪಿಗೆ ಬರಲೇಬೇಕು, ಸಣ್ಣ ಕೆಲಸ, ಹತ್ತು ನಿಮಿಷದ್ದು, ಜೀಪು ಮನೆಯ ಬಾಗಿಲಿಗೇ ಬರುತ್ತದೆ, ಮೇಲೊಂದು ಬಕೆಟ್ಟೂ ಕೊಡುತ್ತೇವೆ ಎಂದ. ಬಕೆಟ್ಟು ಎಂದೊಡನೆ ಈರಣ್ಣನಿಗೆ ಎಲ್ಲ ಸ್ಪಷ್ಟವಾಯಿತು. ಕ್ಯಾಂಪಿನಲ್ಲಿ ನೆರೆದ ಜನಕ್ಕೆ ಶರಬತ್ತು ಹಂಚಬೇಕು, ಅದಕ್ಕೆ ಪಾತ್ರೆ ಅವರದೇ. ಸಂತೋಷವಾಗಿ ಒಪ್ಪಿದ. ಇಷ್ಟು ಖುಷಿಯಿಂದ ಒಪ್ಪಿದವನನ್ನೂ ಸಾತಪ್ಪ ಕಂಡಿರಲಿಲ್ಲ. ಆರು ತಿಂಗಳಿಗೊಮ್ಮೆ ಎಂದವನ ಮನಸ್ಸು ಮತ್ತೆ ಯಾವಾಗ ತಿರುಗುತ್ತದೋ ಎಂದು ಹೆದರಿ ಬೇಗ ಬೇಗ ಹೊರಟುಹೋದ.

ಸರಕಾರವೇ ಒಪ್ಪಿದ ಮೇಲೆ ಬೀಗರಿಗೂ ಒಮ್ಮೆ ರುಚಿ ತೋರಿಸಬೇಕೆನಿಸಿ, ಆದಿತ್ಯವಾರ ಈರಣ್ಣ ಒಂದು ಬಾಟಲಿ ತುಂಬಿಕೊಂಡು ಖಾನಾಪುರದ ಬಸ್ಸು ಹತ್ತಿದ. ಬಾಟಲಿಯನ್ನು ಮೊಣಕಾಲ ನಡುವೆ ಹಿಡಿದು ಕೂತವನ ಬಾಜೂ ಇದ್ದ ಮುದುಕಿಯೊಬ್ಬಳು ಬಸ್ಸು ಊರು ದಾಟುವ ಮೊದಲೇ ವಾಸನೆ ಹಿಡಿದು, ಯಾವ ಊರಿಗೆ ಒಯ್ಯುತ್ತೀ, ಮಗಳೋ ಸೊಸೆಯೋ ಎಂದು ಕೇಳಿದಳು. ಬೀಗರಿಗೆ ಎಂದು ಈರಣ್ಣ ಹೇಳಿದ. ಅವಳು ಮುಂದೆ ಖಾನಾಪುರದವರೆಗೆ ಅವನ ಜೊತೆ ಮಾತಾಡಲಿಲ್ಲ.

ಬೀಗರ ಪಡಸಾಲೆಯಲ್ಲಿ ಗುರುಸಿದ್ದಪ್ಪ, ಅವನ ಮುಪ್ಪಾದ ತಾಯಿ ಸತ್ಯವ್ವ ಇಬ್ಬರೂ ಇದ್ದರು. ಬಾಟಲಿಯ ಬೂಚು ತೆಗೆಯುತ್ತಲೇ ಸತ್ಯವ್ವನ ಮೂಗಿನ ಹೊಳ್ಳೆ ಅಗಲವಾದವು. ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟು, ಮನೆಯಲ್ಲಿ ಚಂದ್ರವ್ವ ಹೇಗಿದ್ದಾಳೆ ಎಂದು ಮೆಲ್ಲಗೆ ಕೇಳಿದಳು.

"ಮಲಗ್ಯಾಳ್ರಿ. ತಲಿ ಕಟಗೊಂಡು ಶೇಗಡಿ ಬಾಜೂ."

"ಇದನ್ನ ಯಾರು ಮಾಡಿದರಪಾ?"

"ನಾನ ಮಾಡೀನ್ರಿ. ಹೆಂಗಸರನ್ನ ಹತ್ರ ಬಿಟ್ಟಿಲ್ಲ."

ಸತ್ಯವ್ವನ ಕಣ್ಣು ಒದ್ದೆಯಾದವು. ಎಂಬತ್ತು ದಾಟಿದ ಆ ಜೀವ ಎಷ್ಟೋ ಬಾಣಂತನ ಕಂಡಿತ್ತು, ಹೆಂಡತಿಗೆ ಕೈಯಾರೆ ಕಷಾಯ ಕುದಿಸುವ ಗಂಡನನ್ನು ಮಾತ್ರ ಕಂಡಿರಲಿಲ್ಲ. ಎದ್ದು ಬಂದು ಈರಣ್ಣನ ತಲೆಯ ಮೇಲೆ ಕೈಯಿಟ್ಟು ಹರಸಿದಳು. ಶರಬತ್ತಿಗೆ ಇಷ್ಟು ಮರ್ಯಾದೆ ಸಿಕ್ಕೀತೆಂದು ಈರಣ್ಣ ಎಣಿಸಿರಲಿಲ್ಲ.

ಗುರುಸಿದ್ದಪ್ಪನಿಗೆ ಕಣ್ಣು ಒದ್ದೆಯಾಗಲಿಲ್ಲ. ಅವನು ವ್ಯವಹಾರಸ್ಥ, ಬೇರೆ ಲೆಕ್ಕ ಹಾಕುತ್ತಿದ್ದ. ಮೈಮೇಲೆ ಲಿಂಗ ಇದ್ದವರಿಗೆ ಸೂತಕ ಮೈಲಿಗೆ ಇಲ್ಲ, ಆ ಮಾತು ಬಿಡು. ಆದರೆ ಬೀಗತಿಯೇ ಬಾಣಂತಿಯಾಗಿ ಮಲಗಿದರೆ ಮದುವೆಯಲ್ಲಿ ಓಡಾಡುವವರು ಯಾರು? ಸೊಸೆ ತಾಯಿಯ ಬಾಣಂತನ ಮುಗಿಸಿ ಖಾನಾಪುರಕ್ಕೆ ಬರುವುದು ಯಾವಾಗ? ತೊಟ್ಟಿಲಲ್ಲಿ ಮಲಗಿದ ಭಾವಮೈದುನನನ್ನು ತನ್ನ ಮಗ ಸಾಲಿಗೆ ಎತ್ತಿಕೊಂಡು ಹೋಗಬೇಕೇ? ಮದುವೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದರೆ ಹೇಗೆ ಎಂದು ಗೋಡೆ ನೋಡುತ್ತ ಹೇಳಿದ.

ಎರಡು ವರ್ಷ ಮುಂದೆ ಹೋದ ಮದುವೆ ಆಗುವುದಿಲ್ಲವೆಂಬುದು ಈರಣ್ಣನಿಗೂ ಗೊತ್ತಿತ್ತು.  ಒಂದು ಬಟ್ಟಲು ಶರಬತ್ತಿಗಾಗಿ ಮಗಳ ಸಂಬಂಧ ಮುರಿಯುವುದೆಂದರೇನು? ರುಚಿ ಅಷ್ಟು ಕೆಟ್ಟಿದೆಯೇ?

"ಬೀಗರ, ಇದು ಬರೇ ಮೊದಲನೇದು," ಎಂದ. "ಆ ದಿನಕ್ಕ ಇನ್ನೂ ಗಟ್ಟಿ ಮಾಡ್ತೀನಿ. ನೀವು ಬಂದು ಕಣ್ಣಾರೆ ನೋಡಿ, ಆಮ್ಯಾಲ ಹೇಳ್ರಿ."

ನೋಡಿಯೇ ನಿರ್ಧಾರ ಮಾಡೋಣ ಎಂದು ಗುರುಸಿದ್ದಪ್ಪ ಒಪ್ಪಿದ. ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ ಅಡಿವೆಪ್ಪ ಬಸ್ಸು ಹೊರಡುವಾಗ, ಕಾಂತಾ ಅವರಿಗೆ ಈಗ ಕೆಲಸ ಬಹಳ ಇರಬೇಕಲ್ಲ ಎಂದ. ದಿನಾ ಅರಿವೆ ಹಿಂಡುವುದು ಅವಳೇ ಎಂದು ಈರಣ್ಣ ಹೇಳಿದ. ಹುಡುಗ ತಲೆ ತಗ್ಗಿಸಿ ಏನೋ ಯೋಚಿಸುತ್ತ ನಿಂತ.

ಮನೆಗೆ ಬಂದ ಈರಣ್ಣ, ಗಂಡಿನವರು ಶರಬತ್ತು ನೋಡಿ ಮದುವೆ ನಿರ್ಧರಿಸುತ್ತಾರಂತೆ ಎಂದು ಕಾಂತಾಗೆ ಹೇಳಿದ. ಅವಳು ಹಿತ್ತಲಿಗೆ ಹೋಗಿ ಒಣಗಿದ ಅರಿವೆಗಳನ್ನೇ ಮತ್ತೆ ತೊಯ್ಸಿ ಹಿಂಡುತ್ತ ಅತ್ತಳು. ಈರಣ್ಣ ಅವಳ ಬೆನ್ನು ನೋಡಿದ, ಅವನಿಗೂ ಅಳು ಬಂತು. ಮಗಳಿಗಾಗಿ ಏನು ಬೇಕಾದರೂ ಮಾಡಲು ಅವನು ಸಿದ್ಧನಿದ್ದ. ಮಾಡಲು ಬರುತ್ತಿದ್ದುದು ಒಂದೇ ಆದ್ದರಿಂದ ಹಂಡೆಯ ಕೆಳಗೆ ಇನ್ನೆರಡು ಕಟ್ಟಿಗೆ ನೂಕಿದ.

ಸಕ್ಕರೆ ಹಂಚುವ ದಿನ ಬಂತು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ನಡುವೆ ತಿಕ್ಕಿ ಬೆಳಗಿದ ಹಂಡೆ ಇಟ್ಟಿದ್ದರು. ಖಾನಾಪುರದವರು ಬಂದು ಕೂತರು. ಗುರುಸಿದ್ದಪ್ಪ ಬಿಗಿದ ಮುಖದಲ್ಲಿದ್ದ, ಸತ್ಯವ್ವನ ಉಡಿಯಲ್ಲಿ ಬಾಣಂತಿಗೆಂದು ತಂದ ಅಂಟು, ಉತ್ತತ್ತಿಯ ಗಂಟಿತ್ತು. ಅವರ ಹಿಂದೆಯೇ ಓಣಿಯ ಹೆಂಗಸರೆಲ್ಲ ನಿಂಗವ್ವನನ್ನು ಮುಂದೆ ಮಾಡಿಕೊಂಡು ಬಂದು ಗೋಡೆಗುಂಟ ಕೂತರು. ತೊಟ್ಟಿಲ ಹಾಡಿನ ಮೊದಲ ಸಾಲು ಯಾರು ಎತ್ತಬೇಕೆಂದು ಪಿಸುಗುಟ್ಟುತ್ತಿದ್ದರು. ಕೊನೆಗೆ ಮಠದ ಚನ್ನಬಸಯ್ಯನವರು ಬಂದರು. ತಮ್ಮ ಶಿಷ್ಯರ ಮನೆಯಲ್ಲಿ ಕೂಸು ಹುಟ್ಟಿದ್ದನ್ನು ಬೇರೆಯವರಿಂದ ಕೇಳಬೇಕಾಯಿತಲ್ಲ ಎಂದು ಅವರಿಗೆ ಬೇಸರವಾಗಿತ್ತು. ಆದರೂ ಕರ್ತವ್ಯ ಬಿಡುವಂತಿಲ್ಲ. ಕೂಸಿಗೆ ಕಟ್ಟಲು ಪುಟ್ಟ ಲಿಂಗವೊಂದನ್ನು ರೇಷ್ಮೆ ಅರಿವೆಯಲ್ಲಿ ಸುತ್ತಿ ತಂದಿದ್ದರು.

ಇಷ್ಟು ಜನ ತನ್ನ ಶರಬತ್ತಿಗೆ ಬಂದದ್ದು ಕಂಡು ಈರಣ್ಣ ಹಿಗ್ಗಿದ. ಎಲ್ಲರಿಗೂ ತಾನೇ ಬಟ್ಟಲು ತುಂಬಿಕೊಟ್ಟ. ಎಲ್ಲರೂ ಬಟ್ಟಲು ಕೈಯಲ್ಲಿ ಹಿಡಿದು ಒಳಕೋಣೆಯ ಬಾಗಿಲು ನೋಡುತ್ತ ಕೂತರು. ಯಾರೂ ಕುಡಿಯಲಿಲ್ಲ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಸಾತಪ್ಪ ಹೊಸ ಬಕೆಟ್ಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ, ಜನ ಕಂಡು ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದ.

"ಬೀಗರ, ಒಂದ ಹತ್ತು ನಿಮಿಷ ಕುಂದರ್ರಿ," ಎಂದು ಈರಣ್ಣ ಕೈಮುಗಿದ. "ಸರಕಾರದವರು ಕರಿಯಾಕ ಬಂದಾರ. ಮುಗಿಸಿ ಬಂದುಬಿಡ್ತೀನಿ."

ಗುರುಸಿದ್ದಪ್ಪ ಬಕೆಟ್ಟು ನೋಡಿದ, ಜೀಪಿನ ಮೇಲಿನ ಕೆಂಪು ತ್ರಿಕೋನ ನೋಡಿದ, ಎದ್ದು ಪೇಟ ಸರಿಮಾಡಿಕೊಂಡ. ಕಾಂತಾ ಅಡುಗೆಮನೆಯ ಬಾಗಿಲಲ್ಲಿ ಸಕ್ಕರೆಯ ತಾಟು ಹಿಡಿದು ನಿಂತಿದ್ದಳು. ಗಂಡಿನ ತಂದೆ ಎದ್ದದ್ದು ಅವಳಿಗೆ ಕಾಣಿಸಿತು. 

ಆಗ ಒಳಕೋಣೆಯ ಬಾಗಿಲು ತೆರೆಯಿತು. ಕಂಬಳಿ ಹೊದ್ದು, ತಲೆ ಕಟ್ಟಿಕೊಂಡ ಚಂದ್ರವ್ವ ಹೊರಗೆ ಬಂದಳು. ಒಂದು ವಾರ ಕಟ್ಟಿದ್ದ ಮೂಗು ಅದೇ ಬೆಳಗ್ಗೆ ಬಿಟ್ಟಿತ್ತು. ಗಾಳಿಯನ್ನೊಮ್ಮೆ ಒಳಗೆಳೆದುಕೊಂಡಳು, ಜನರನ್ನೆಲ್ಲ ನೋಡಿದಳು.

"ಯಾರು ಹಡದಾರವ್ವಾ?" ಎಂದಳು. "ಮನಿ ತುಂಬ ಬಾಣಂತಿ ಕಷಾಯದ ವಾಸನಿ."

 ನಿಂಗವ್ವ ಬಟ್ಟಲು ಕೆಳಗಿಡುತ್ತ, "ನೀವ ಅಲ್ಲೇನ್ರಿ ಚಂದ್ರಕ್ಕ?" ಎಂದಳು.

ಚಂದ್ರವ್ವ ಇದ್ದಲ್ಲಿಯೇ ಕೂತುಬಿಟ್ಟಳು. ಚನ್ನಬಸಯ್ಯನವರು ರೇಷ್ಮೆ ಅರಿವೆಯನ್ನು ಬಿಚ್ಚಿ ಮತ್ತೆ ಸುತ್ತಿದರು. ಹಾಗಾದರೆ ಕೂಸು ಎಲ್ಲಿ ಎಂದು ಸಾತಪ್ಪ ಕೇಳಿದ. ಯಾವ ಕೂಸು ಎಂದು ಈರಣ್ಣ ಕೇಳಿದ. ಇದಾದ ಮೇಲೆ ಕೆಲಹೊತ್ತು ಎಲ್ಲರೂ ಒಟ್ಟಿಗೇ ಮಾತಾಡಿದ್ದರಿಂದ ಯಾರಿಗೂ ಏನೂ ಕೇಳಿಸಲಿಲ್ಲ. ಗದ್ದಲ ತಗ್ಗಿದಾಗ ಹಂಡೆಯ ಬಾಜೂ ದ್ವೀಪದ ಚೀಲ ಬಿಚ್ಚಿಕೊಂಡು ಕೂತ ಸತ್ಯವ್ವ ಒಂದೊಂದನ್ನೇ ಎತ್ತಿ ಹೇಳುತ್ತಿದ್ದಳು. ಸಮುದ್ರದ ಗಂಧ ದಾಲ್ಚಿನ್ನಿಯಾಯಿತು, ಕಾಡುಕೇಸರಿ ಜಾಪತ್ರಿಯಾಯಿತು, ದ್ವೀಪದ ಅಡಿಕೆ ಕರಟದೊಳಗಿನ ಜಾಜಿಕಾಯಿಯಾಯಿತು, ಕಡಲಮೆಣಸು ಹಿಪ್ಪಲಿಯಾಯಿತು. ಎಲ್ಲವೂ ಬಾಣಂತಿಯ ಸಾಮಾನೇ. ಇವಕ್ಕೆ ಇನ್ನೇನು ಕೂಡಿಸಿದೆ ಎಂದು ಅವಳು ಕೇಳಿದಾಗ ಈರಣ್ಣ ಅಟ್ಟದ ಮೇಲಿನ ಡಬ್ಬಿ ತೋರಿಸಿದ. ಅದು ದೊಡ್ಡ ಮಗಳ ಬಾಣಂತನದಲ್ಲಿ ಉಳಿದ ಪುಡಿ ಎಂದು ಚಂದ್ರವ್ವ ಕಂಬಳಿಯೊಳಗಿಂದಲೇ ಹೇಳಿದಳು.

ಗುರುಸಿದ್ದಪ್ಪ ಸಿಟ್ಟಿನಿಂದ ತಾಯಿಯ ಕಡೆ ತಿರುಗಿದ. ನಿನ್ನ ಮೂಗು ನಂಬಿ ನಾನು ಊರೆಲ್ಲ ಹೇಳಿಬಂದೆನಲ್ಲ ಎಂದ. ಸತ್ಯವ್ವ ಬಟ್ಟಲು ಪೂರ್ತಿ ಕುಡಿದು, ತುಟಿ ಒರೆಸಿಕೊಂಡಳು.

"ನನ್ನ ಮೂಗು ತಪ್ಪಿಲ್ಲ. ಕಷಾಯ ಬರೋಬರಿ ಐತಿ. ಕೂಸು ಬರೂದು ತಡಾ ಆಗೈತಿ, ಅಷ್ಟ. ಸಕ್ಕರಿ ಹಂಚ್ರಿ."

ಅವಳ ಮಾತಿಗೆ ಖಾನಾಪುರದ ಮನೆಯಲ್ಲಿ ಎದುರಾಡುವವರಿರಲಿಲ್ಲ. ಗುರುಸಿದ್ದಪ್ಪ ಕೂತ. ಅಷ್ಟರಲ್ಲಿ ಅಡಿವೆಪ್ಪ ತನ್ನ ಬಟ್ಟಲನ್ನು ಕುಡಿದು ಖಾಲಿ ಮಾಡಿ ಎದ್ದು, ಅದನ್ನು ತಾನೇ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದ. ಬಟ್ಟಲಿನೊಳಗೆ ಪುಟ್ಟ ಕೆಂಪು ಕುಲಾವಿಯೊಂದಿತ್ತು. ಕೂಸು ಇದ್ದರೂ ಈ ಹುಡುಗಿಯೇ ಬೇಕೆಂದು ತಂದೆಯ ಜೊತೆ ಜಗಳಾಡಿ, ಕೂಸಿಗೆಂದು ತಾನೇ ಪೇಟೆಯಲ್ಲಿ ಕೊಂಡು ತಂದಿದ್ದ. ಕಾಂತಾ ಅದನ್ನು ಸೆರಗಿನೊಳಗೆ ಸರಿಸಿಕೊಂಡಳು. ಆ ದಿನ ಅವಳಷ್ಟು ಸುಖಿ ಬೆಳಗಾವಿಯಲ್ಲಿ ಯಾರೂ ಇರಲಿಲ್ಲ.

ಸಾತಪ್ಪ ಹೋಗಿರಲಿಲ್ಲ. ಎರಡು ಮಕ್ಕಳಾದವರಿಗೂ ಕ್ಯಾಂಪಿನಲ್ಲಿ ಅವಕಾಶವುಂಟೆಂದು ಈರಣ್ಣನ ಕಿವಿಯಲ್ಲಿ ಹೇಳಿ, ಅದು ಯಾವ ಕ್ಯಾಂಪೆಂಬುದನ್ನೂ ಮೊದಲ ಸಲ ಬಿಡಿಸಿ ಹೇಳಿದ. ಒಂದು ವಾರದಿಂದ ಯಾವುದೂ ತಿಳಿಯದಿದ್ದ ಈರಣ್ಣನಿಗೆ ಇದು ಒಮ್ಮೆಲೇ ತಿಳಿಯಿತು. ಅವನು ಹಿತ್ತಲಿಗೆ ಹೋಗಿ, ಜೀಪಿನ ಸದ್ದು ಪೂರ್ತಿ ದೂರವಾಗುವವರೆಗೆ ಮೂರು ಕಲ್ಲಿನ ಒಲೆಯ ಹಿಂದೆ ಕೂತಿದ್ದ.

ಇಷ್ಟಾದ ಮೇಲೆ ಬೇರೆಯವನಾಗಿದ್ದರೆ ಹಂಡೆ ಮುಟ್ಟುತ್ತಿರಲಿಲ್ಲ. ಈರಣ್ಣ ಹಾಗಲ್ಲ. ಸತ್ಯವ್ವ ಬರೋಬರಿ ಎಂದದ್ದೊಂದೇ ಅವನ ನೆನಪಿನಲ್ಲಿ ಉಳಿಯಿತು. ಕಾಂತಾಳ ಮದುವೆಯಲ್ಲಿ ಮಾಡಿದ, ಪಂಚಮಿಗೆ ಮಾಡಿದ, ದೀಪಾವಳಿಗೆ ಮಾಡಿದ, ಬಾಳಾಸಾಹೇಬನ ತಮ್ಮ ರಜೆಗೆ ಬಂದಾಗಲೆಲ್ಲ ಮಾಡಿದ. ಓಣಿಗೆ ರೂಢಿಯಾಯಿತು. ವಾಸನೆ ಬಂದರೆ ನಿಂಗವ್ವ ಕಿಟಕಿ ಮುಚ್ಚಿ ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದಳು.

ಮದುವೆಯಾದ ಮರುವರ್ಷ ಕಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಳೆ ಹಿಡಿದಿತ್ತು, ಯಾರೂ ಹೊರಗೆ ತಲೆ ಹಾಕುವಂತಿರಲಿಲ್ಲ. ನಸುಕಿನಲ್ಲಿ ದವಾಖಾನೆಗೆ ಹೋಗಿ, ಗಂಡು ಕೂಸಿನೊಂದಿಗೆ ಮುಚ್ಚಿದ ಟಾಂಗಾದಲ್ಲಿ ಮನೆಗೆ ಬಂದಳು. ಚಂದ್ರವ್ವ ಅಟ್ಟದ ಡಬ್ಬಿ ಇಳಿಸಿ ಕಷಾಯಕ್ಕಿಟ್ಟಳು. ವಾಸನೆ ಓಣಿಯ ಕೊನೆಯವರೆಗೂ ಹೋಯಿತು, ಕೂಸಿನ ಅಳು ಮಾತ್ರ ಮಳೆಯ ಸದ್ದಿನಲ್ಲಿ ಮುಚ್ಚಿಹೋಯಿತು. ಯಾರೂ ಬರಲಿಲ್ಲ. ಹಿತ್ತಲ ಮಾಡಿನ ಕೆಳಗೆ ಹಗ್ಗದ ತುಂಬ ಚೌಕ ಅರಿವೆ ನೇತಾಡಿದವು. ಈ ಸಲ ದೊಡ್ಡ ಹಂಡೆ ಏರಿಸಿರಬೇಕೆಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಈರಣ್ಣ ಮನೆ ಮನೆಗೆ ಹೋಗಿ, ಕಾಂತಾ ಹಡೆದಿದ್ದಾಳೆ, ನಾಳೆ ತೊಟ್ಟಿಲಿಗೆ ಹಾಕುತ್ತೇವೆ, ಮುತ್ತೈದೆಯರು ಬರಬೇಕು ಎಂದು ಹೇಳಿದ. ಎಲ್ಲರೂ ನಕ್ಕು, ಒಂದು ಲೋಟ ಇಲ್ಲಿಗೇ ಕಳಿಸಿರಿ ಎಂದರು.

ಮರುದಿನ ಮಳೆ ನಿಂತಿತು, ಖಾನಾಪುರದವರು ಬರುವ ಹೊತ್ತಾಯಿತು. ತೊಟ್ಟಿಲು ಕಟ್ಟಿತ್ತು, ಕೂಸಿನ ತಲೆಗೆ ಕೆಂಪು ಕುಲಾವಿ ಹಾಕಿತ್ತು, ಚನ್ನಬಸಯ್ಯನವರ ರೇಷ್ಮೆ ಅರಿವೆಯ ಪುಟ್ಟ ಲಿಂಗವೂ ಕಡೆಗೆ ಅದರ ಕೊರಳಿಗೆ ಬಂದಿತ್ತು. ತೊಟ್ಟಿಲು ತೂಗಲು ಓಣಿಯ ಒಬ್ಬ ಹೆಂಗಸೂ ಬಂದಿರಲಿಲ್ಲ. ಮಗನ ಹೆಸರಿಡುವ ದಿನ ಮನೆ ಬಿಕೋ ಎನ್ನುವುದು ಕಂಡು ಕಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗಿಂತ ಹೆಚ್ಚು ಈರಣ್ಣನಿಗೆ ದುಃಖವಾಯಿತು. ಜೀವನದಲ್ಲಿ ಮೊದಲ ಸಲ ಅವನು ತನ್ನ ಮೂಗನ್ನು ಶಪಿಸಿದ. ಓಣಿಯ ನಡುವೆ ಹೋಗಿ ನಿಂತು, ಖರೇನ ಕೂಸು ಐತ್ರಿ, ಆಣಿ ಮಾಡ್ತೀನಿ ಎಂದು ಒಂದೊಂದು ಬಾಗಿಲಿಗೂ ಕೈಮುಗಿದ. ಬಾಗಿಲುಗಳು ಸುಮ್ಮನಿದ್ದವು.

ಹಸಿವಾಗಿಯೋ ಏನೋ, ತೊಟ್ಟಿಲಲ್ಲಿ ಕೂಸು ಎಚ್ಚರಾಯಿತು. ಅಜ್ಜನನ್ನೇ ಹೋತ ಕೂಸು. ಒಮ್ಮೆ ಬಾಯಿ ತೆರೆದು ಅತ್ತದ್ದು ಖಾಸಬಾಗದ ಆ ತುದಿಗೆ ಕೇಳಿತು. ನಿಂಗವ್ವನ ಕಿಟಕಿ ತೆರೆಯಿತು. ಅವಳು ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು, ಕಿವಿಗೊಟ್ಟು ಕೇಳಿ, ಬಾಜೂ ಮನೆಗಳಿಗೆಲ್ಲ ಕೇಳುವಂತೆ ಕೂಗಿದಳು.

"ಏಳ್ರವಾ, ಈರಣ್ಣನ ಶರಬತ್ತ ಈ ಸರ್ತಿ ಅಳಾಕತ್ತೈತಿ."